ಐವತ್ತೆರಡು ಕಿಲೊ

6-11-67, ಸೋಮವಾರ. ಬೆಳಿಗ್ಗೆ

ಏಳು ಗಂಟೆಗೆ ಮೈದುನ ದಾಮೋದರ ಬಂದು ತನ್ನ ಅಣ್ಣನನ್ನು, ನನ್ನ ಯಜಮಾನರನ್ನು, ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಇವರು ಕಿಟಕಿಯ ಕಡೆ ತಿರುಗಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಯಾರದೋ ಅಲಾರಂ ಗಡಿಯಾರ ಬಿಚ್ಚಿ ಹರಡಿಕೊಂಡಿದ್ದಾರೆ. ದಾಮೋದರ ಕಾಫಿ ಕುಡಿದು ಅಕ್ಕಿ ಮಿಲ್ಲಿಗೆ ಹೋದ. ಎಂದಿನಂತೆ.

ಎಂದಿನಂತೆ ಅಲ್ಲ. ಶನಿವಾರ ಅವನಿಗೆ ಆರ್ಡರ್ ಬಂದಿದೆ. ಧಾರವಾಡದ ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಜನವರಿ ಮೂರಕ್ಕೆ ಸೇರಬೇಕು. ಬಿ.ಎಸ್ಸಿ. ಮಾಡಿ ಮೂರು ವರ್ಷ ಮಿಲ್ಲಿನಲ್ಲಿ ಮೂಟೆ ಲೆಕ್ಕ ಬರೆದವನು. ಓದಿ, ಮಡಚಿ, ಪಂಚಾಂಗದೊಳಗೆ ಇಟ್ಟ. "ನಾ ಹೋತಿಲ್ಲೆ ಅತ್ತಿಗೆ" ಎಂದ. ಅಷ್ಟೇ.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಲು ಮಾಡು ಹತ್ತಿದ ಇವರು ಜಾರಿ ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ದಿನಕ್ಕೆ ನಾಲ್ಕು ಸಲ ಎತ್ತುವವನು ದಾಮೋದರ. ಆಗಸ್ಟ್‌ನಲ್ಲಿ ಇದೇ ಕೆಲಸದ ಇಂಟರ್‌ವ್ಯೂಗೆಂದು ಅವನು ನಾಲ್ಕು ದಿನ ಹೋಗಿದ್ದ. ಗೊತ್ತು ಮಾಡಿದ ಆಳು ಒಂದು ದಿನ ಬಂದ, ಮೂರು ದಿನ ಬರಲಿಲ್ಲ. ಇವರು ಮಲಗಿದಲ್ಲೇ. ನಾನು ಶಾಲೆಯಲ್ಲಿ. ಅತ್ತೆಗೆ ಮಗ್ಗುಲು ಹೊರಳಿಸುವಷ್ಟೂ ಶಕ್ತಿ ಇಲ್ಲ. ಬೆನ್ನ ಬುಡದಲ್ಲಿ ಹುಣ್ಣಾಯಿತು. ಒಣಗಲು ದಸರಾ ಬಂತು. ಮತ್ತೊಮ್ಮೆ ಹಾಗಾದರೆ ಕಷ್ಟ ಎಂದಿದ್ದಾರೆ ಡಾಕ್ಟರು.

ಇವರು ಐವತ್ತೆರಡು ಕಿಲೊ. ಆಸ್ಪತ್ರೆಯಲ್ಲಿ ತೂಗಿದ್ದು. ನಾನು ನಲವತ್ತಮೂರು.

ಶಾಲೆಯ ಬೆಲ್ಲಾಗುವ ಹೊತ್ತು.

7-11, ಮಂಗಳವಾರ

ಬೆಳಿಗ್ಗೆ ದಾಮೋದರನಿಗೆ "ನೀನು ಪಕ್ಕದಲ್ಲಿ ನಿಲ್ಲು, ನಾನೊಮ್ಮೆ ನೋಡುತ್ತೇನೆ" ಎಂದೆ. ಇವರ ಕಂಕುಳಿಗೆ ಕೈಹಾಕಿ ಎಳೆದೆ. ಹಾಸಿಗೆ ಸರಿಯಿತು, ಇವರು ಸರಿಯಲಿಲ್ಲ. ಇನ್ನೊಮ್ಮೆ. ನನ್ನ ಬಳೆ ಒಡೆದು ಇವರ ತೋಳಿಗೆ ಗೀರಿತು.

"ಬಿಡಿ ಅತ್ತಿಗೆ" ಎಂದು ದಾಮೋದರ ನನ್ನನ್ನು ಸರಿಸಿದ.

ಇವರು ಗೋಡೆಯ ಕಡೆ ಮುಖ ಮಾಡಿದರು. ಇಡೀ ದಿನ ಒಂದು ಗಡಿಯಾರವನ್ನೂ ಮುಟ್ಟಲಿಲ್ಲ.

9-11, ಗುರುವಾರ. ಸಂಜೆ

ಡ್ರಿಲ್ ಮಾಷ್ಟ್ರನ್ನು ಕೇಳಿಯೇಬಿಟ್ಟೆ. ಭೋಜರಾಜ ಶೆಟ್ಟರು. ಹುಡುಗರಾಗಿದ್ದಾಗ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ, ಬೆಳಗಾತ ವ್ಯಾಯಾಮ ಶಾಲೆ. ಕಬ್ಬಿಣ ಎತ್ತಿ ಕಪ್ಪು ಗೆದ್ದವರು. ಈಗ ಐವತ್ತು ದಾಟಿದೆ. ಕುತ್ತಿಗೆ ಇನ್ನೂ ಕಂಬದ ಹಾಗಿದೆ.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. "ಮಾಷ್ಟ್ರೆ, ಹೆಂಗಸ್ರ್ ಭಾರ ಎತ್ತುಕ್ ಕಲಿಲಕ್ಕಾ?" ಎಂದೆ. ನಗುತ್ತಾರೆ ಅಂದುಕೊಂಡಿದ್ದೆ.

"ಹುಲ್ಲಿನ ಹೊರಿ ಹೊರುದ್ ಯಾರ್ ಟೀಚರ್ರೆ? ನೀರಿನ ಕೊಡಪಾನ ಎತ್ತುದ್ ಯಾರ್?" ಎಂದರು. ಆಮೇಲೆ, "ಎಷ್ಟ್ ಭಾರ?"

"ಐವತ್ತೆರ್ಡ್ ಕಿಲೊ."

ಅವರಿಗೆ ಅರ್ಥವಾಯಿತು. "ಕೈಯಂಗೆ ಎಳೆಯುದಲ್ಲ ಅದ್. ಕಾಲಂಗೆ ಏಳುದ್. ಒಂದ್ ಚೀಲಕ್ಕೆ ಹತ್ತ್ ಕಿಲೊ ಹೊಯ್ಗೆ ತುಂಬ್ಸಿ. ಮಣೆ ಮೇಲ್ ಇಡಿ. ಮೊಣಕಾಲ್ ಮಡ್ಸಿ, ಚೀಲ ತಬ್ಬಿ, ಬೆನ್ನ್ ನೇರ ಇಟ್ಕಂಡ್ ಎದ್ದ್ ನಿಲ್ಲಿ. ಹತ್ತ್ ಸಲ. ಒಂದ್ ದಿನ ಬಿಟ್ಟ್ ಒಂದ್ ದಿನ."

ಕುರ್ಚಿ ಸರಿಸಿ ತಾವೇ ಮಾಡಿ ತೋರಿಸಿದರು, ಹಾಜರಿ ಪುಸ್ತಕಗಳ ಕಟ್ಟನ್ನು ತಬ್ಬಿಕೊಂಡು.

11-11, ಶನಿವಾರ. ಬೆಳಿಗ್ಗೆ

ನಿನ್ನೆ ಸಂಜೆ ಶುರು. ಕಟ್ಟಿಗೆ ಕೊಟ್ಟಿಗೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಹಳೇ ದಿಂಬಿನ ಚೀಲಕ್ಕೆ ಹೊಳೆಯ ಮರಳು. ಹತ್ತು ಸಲ ಎದ್ದೆ, ಕೂತೆ. ಮತ್ತೆ ಹತ್ತು. ಏದುಸಿರು ಬಂತು ಅಷ್ಟೇ. ಇಷ್ಟೇನಾ ಅನ್ನಿಸಿತು. ಇನ್ನೂ ಹತ್ತು ಮಾಡಿದೆ.

ಈಗ ತೊಡೆ ಸ್ವಲ್ಪ ಬಿಗಿದ ಹಾಗಿದೆ. ಏನೂ ಇಲ್ಲ.

12-11, ಭಾನುವಾರ

ಏಳಲು ಆಗಲಿಲ್ಲ. ಚಾಪೆಯ ಮೇಲೆ ಮಗ್ಗುಲು ತಿರುಗಿ, ಗೋಡೆ ಹಿಡಿದು, ಮಗುವಿನ ಹಾಗೆ ಎದ್ದೆ. ಒಲೆಯ ಮುಂದೆ ಕೂರುವುದೆಂದರೆ ಜೀವ ಹೋಗುತ್ತದೆ. ಬಾವಿಕಟ್ಟೆಯ ಮೆಟ್ಟಿಲು ಇಳಿಯುವುದು ಇನ್ನೂ ಕಷ್ಟ. ತಲೆ ಬಾಚಲು ಕೈ ಮೇಲೆ ಹೋಗುವುದಿಲ್ಲ. ದೀಪಾವಳಿಗೆ ಕಾಸಿದ ಎಣ್ಣೆ ಉಳಿದಿತ್ತು, ಹಚ್ಚಿಕೊಂಡೆ. ಏನೂ ಆಗಲಿಲ್ಲ.

ಹತ್ತು ಕಿಲೊಗೇ ಹೀಗೆ. ಉಳಿದ ನಲವತ್ತೆರಡು…

ಒಂದು ಹೆದರಿಕೆ, ಬೇರೆ ಯಾರಿಗೂ ಹೇಳುವುದಲ್ಲ. ಇವರು ಬಿದ್ದದ್ದು ಒಂದು ಕ್ಷಣ. ಆ ಕ್ಷಣದಲ್ಲಿ ಒಳಗೆ ಏನೋ ಹರಿಯಿತು, ಮುಗಿಯಿತು. ನನ್ನೊಳಗೂ ಏನಾದರೂ ಹರಿದಿದ್ದರೆ? ಈ ಮನೆಯಲ್ಲಿ ಎತ್ತಬೇಕಾದವರು ಇಬ್ಬರಾದರೆ?

13-11, ಸೋಮವಾರ

ಬೋರ್ಡಿನ ಮೇಲ್ಭಾಗದಲ್ಲಿ ತಾರೀಕು ಬರೆಯಲು ಆಗದೆ ಮಧ್ಯದಲ್ಲಿ ಬರೆದೆ. ಮಕ್ಕಳು ಹಾಗೇ ಕಾಪಿ ಮಾಡಿದರು, ಪುಟದ ನಡುವೆ.

ಮಧ್ಯಾಹ್ನ ಮಾಷ್ಟ್ರ ಹತ್ತಿರ ಹೋದೆ. ನಾನು ನಡೆದು ಬಂದ ರೀತಿ ನೋಡಿಯೇ ಅವರಿಗೆ ಗೊತ್ತಾಯಿತು.

"ಎಷ್ಟ್ ಸಲ ಮಾಡಿರಿ?"

"ಮೂವತ್ತ್."

"ನಾ ಹತ್ತ್ ಅಂದಿದ್ದೆ. ಆಯ್ಲಿ. ನೋವ್ ಎಲ್ಲಿ? ಒಂದೇ ಚುಕ್ಕಿ ಜಾಗ್ದಂಗಾ, ಇಡೀ ತೊಡಿಯಂಗಾ?"

"ಇಡೀ."

"ಎರಡೂ ಕಾಲಂಗಾ?"

"ಎರಡೂ."

"ನಡ್ದ್ ಕಂಡ್ರೆ ಸ್ವಲ್ಪ ಸಡ್ಲ ಆತ್ತಾ?"

ಹೌದು. ಮನೆಯಿಂದ ಶಾಲೆಗೆ ಬರುವಷ್ಟರಲ್ಲಿ ಸಡಿಲವಾಗಿತ್ತು.

"ಹಾಂಗಾರೆ ಹೆದ್ರುದ್ ಬ್ಯಾಡ. ಮೈಯಿಗ್ ಗೊತ್ತಿಲ್ದ ಕೆಲ್ಸ ಕೊಟ್ರಿ, ಅದ್ ದೂರ್ ಹೇಳ್ತಿತ್ತ್. ಎರ್ಡನೇ ದಿನ ಜೋರ್, ನಾಲ್ಕನೇ ದಿನಕ್ಕೆ ಇಲ್ಲೆ. ಹೊಸಬ್ರಿಗೆಲ್ಲ ಹೀಂಗೇ. ಚುಚ್ಚಿದ ಹಾಂಗ್ ಒಂದೇ ಕಡಿ ನೋವಾದ್ರೆ ಮಾತ್ರ ಅಲ್ಲಿಗೇ ನಿಲ್ಸಿ, ನನ್ಗ್ ಹೇಳಿ."

ಮನೆಗೆ ಬರುವಾಗ ಕಾಲು ಅಷ್ಟೇ ನೋಯುತ್ತಿತ್ತು. ಆದರೂ ಹಗುರ. ಗದ್ದೆಯ ಅಂಚಿನಲ್ಲಿ ನಿಂತು ಒಬ್ಬಳೇ ನಕ್ಕೆ.

16-11, ಗುರುವಾರ

ಮಾಷ್ಟ್ರು ಹೇಳಿದ ಹಾಗೇ. ನೋವು ಇಳಿದಿದೆ. ನಿನ್ನೆ ಹತ್ತು ಸಲ, ಒಂದೂ ಹೆಚ್ಚಿಲ್ಲ.

ಅತ್ತೆ ಕಟ್ಟಿಗೆ ತರಲು ಬಂದು ನೋಡಿಬಿಟ್ಟರು. ಚೀಲ ತಬ್ಬಿಕೊಂಡು ನಿಂತಿದ್ದೆ.

"ಎಂತ ಮಾಡ್ತಿದ್ದೆ ಹೆಣೆ?"

ಹೇಳಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಹೆಂಗಸರು ಹೀಗೆಲ್ಲ ಎತ್ತಿದರೆ ಗರ್ಭಕೋಶ ಜಾರುತ್ತದೆ, ಸೊಂಟ ಬೀಳುತ್ತದೆ, ಅವರ ಅಕ್ಕನಿಗೆ ಹಾಗೇ ಆಗಿತ್ತು. "ಒಬ್ಬ ಮಲ್ಕಂಡದ್ದ್ ಸಾಕ್ ಈ ಮನಿಯಂಗೆ" ಎಂದರು. ನನ್ನ ಹೆದರಿಕೆಯನ್ನೇ ಅವರ ಬಾಯಲ್ಲಿ ಕೇಳಿದ ಹಾಗಾಯಿತು.

ಮಗನಿಗೆ ಹೇಳಬೇಡಿ ಎಂದು ಬೇಡಿಕೊಂಡೆ. ಎರಡು ತುಂಡು ಕಟ್ಟಿಗೆ ಎತ್ತಿಕೊಂಡು ಹೋದರು.

18-11, ಶನಿವಾರ

ಅತ್ತೆ ಹೇಳಲಿಲ್ಲ. ಇವರೇ ಕಂಡುಹಿಡಿದರು. ಗಡಿಯಾರ ನೋಡುವ ಕಣ್ಣು.

ಮಧ್ಯಾಹ್ನ ದಾಮೋದರನನ್ನು ಕರೆದು, "ಸೋಮವಾರ ಅತ್ತಿಗೆನ್ ಡಾಕ್ಟ್ರ್ ಹತ್ರ ಕರ್ಕಂಡ್ ಹೋಗ್" ಎನ್ನುವುದು ಒಳಗಿನಿಂದ ಕೇಳಿತು. ಹೋಗಿ ನಿಂತೆ.

"ಎಂತಕ್ಕೆ?"

"ಒಂದ್ ವಾರದಿಂದ ಕಾಣ್ತಿದ್ದೆ. ಗ್ವಾಡಿ ಹಿಡ್ದ್ ಏಳ್ತೆ. ತಲಿ ಬಾಚುಕ್ ಆತಿಲ್ಲೆ ನಿಂಗ್. ನಂಗ್ ಹೇಳುದಿಲ್ಲೆ." ಕಾಹಿಲೆ ಎಂದುಕೊಂಡಿದ್ದಾರೆ. ನನಗೆ ದೊಡ್ಡ ಕಾಹಿಲೆ, ಮುಚ್ಚಿಡುತ್ತಿದ್ದೇನೆ ಎಂದು ಒಂದು ವಾರ ಒಬ್ಬರೇ ನುಂಗಿಕೊಂಡು ಕೂತಿದ್ದಾರೆ.

ಹೇಳಿದೆ. ಹೊಯ್ಗೆ, ಚೀಲ, ಮಾಷ್ಟ್ರು, ಎಲ್ಲ. ದಾಮೋದರ ಬಾಗಿಲಲ್ಲೇ ನಿಂತಿದ್ದ. ಅವನಿಗೂ ಈಗಲೇ ಗೊತ್ತಾದದ್ದು.

ಇವರು ಕಣ್ಣಿನಿಂದ ಭೂತಗನ್ನಡಿ ತೆಗೆದು ಪಂಚೆಯಲ್ಲಿ ಒರೆಸಿದರು, ಬಹಳ ಹೊತ್ತು.

20-11, ಸೋಮವಾರ

ಎರಡು ದಿನ ಊಟ ಬಡಿಸಿದರೆ ಊಟ, ಕಾಫಿ ಕೊಟ್ಟರೆ ಕಾಫಿ. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ನಾನೇ ಇನ್ನಷ್ಟು ಭಾರ ಮಾಡಿದೆನೇನೋ ಅನ್ನಿಸಿತು.

ಇವತ್ತು ಶಾಲೆಗೆ ಹೊರಡುವಾಗ ಕರೆದರು.

"ಆ ಶೆಟ್ರ್ ಎಂತ ಹೇಳ್ತ್ರ್? ನನ್ ಕೈಯಂಗೆ ಬಲ ಇದ್ರೆ ನಿಂಗೆ ಸಸಾರ ಆತ್ತಾ?"

"ಅರ್ಧ ಭಾರ ನೀವೇ ಹೊತ್ತ ಹಾಂಗ್ ಅಂಬ್ರ್."

"ಹಾಂಗಾರೆ ನಂಗೂ ಒಂದ್ ಚೀಲ ಹೊಲ್ದ್ ಕೊಡ್."

ಶಾಲೆಗೆ ಹತ್ತು ನಿಮಿಷ ತಡ. ಹೆಡ್‌ಮಾಷ್ಟ್ರು ಗಡಿಯಾರ ನೋಡಿದರು. ಆ ಗಡಿಯಾರ ಸರಿಮಾಡಿದ್ದೂ ಇವರೇ.

23-11, ಗುರುವಾರ. ಬೆಳಿಗ್ಗೆ ಆರು

ಮೊನ್ನೆಯಿಂದ ಇವರೂ ಶುರು. ಮೂರು ಕಿಲೊದ ಎರಡು ಚೀಲ. ಮಲಗಿದಲ್ಲೇ ಮೇಲೆ ಎತ್ತುವುದು. ಹಾಸಿಗೆಯ ಎರಡು ಕಡೆ ಮರದ ತುಂಡಿಟ್ಟು, ಅವುಗಳ ಮೇಲೆ ಕೈ ಊರಿ ಮೈ ಎತ್ತುವುದು.

ಇವತ್ತು ನಾನು ಕಣ್ಣು ಬಿಡುವ ಮೊದಲೇ ಎಚ್ಚರವಾಗಿದ್ದರು. ಬಲಗೈಯಿಂದ ಎಡತೋಳು ಒತ್ತಿ ನೋಡುತ್ತಿದ್ದರು. ಮತ್ತೆ ಒತ್ತುವುದು, ಮತ್ತೆ ನೋಡುವುದು.

"ಎಂತ ಆಯ್ತ್?"

"ನೋವ್ ಮಾರಾಯ್ತಿ. ಮಸ್ತ್ ನೋವ್." ಮುಖ ತುಂಬ ನಗು. "ಇಲ್ಲಿ, ಇಲ್ಲಿ, ಹೆಗ್ಲ್ ಹಿಂದೆ. ಒಂದೂವರಿ ವರ್ಷ ಆಯ್ತ್, ಮೈಯಂಗೆ ಎಂತದೂ ಹೀಂಗ್ ಗೊತ್ತಾಯ್ಲೆ."

ಕಾಲನ್ನು ದಿನಾ ಬೆಳಿಗ್ಗೆ ಚಿವುಟಿ ನೋಡಿಕೊಳ್ಳುತ್ತಾರೆ, ನನಗೆ ಕಾಣದ ಹಾಗೆ. ನನಗೆ ಗೊತ್ತು. ಇವತ್ತು ಚಿವುಟಲಿಲ್ಲ.

ಬಟ್ಟಲಲ್ಲಿ ಎಣ್ಣೆ ತಂದು ಹಚ್ಚಲು ಕೂತೆ. "ಬ್ಯಾಡ, ಇರ್ಲಿ, ಇವತ್ತೊಂದಿನ ಇರ್ಲಿ" ಎಂದರು.

1-12, ಶುಕ್ರವಾರ

ಇಪ್ಪತ್ತು ಕಿಲೊ. ಹತ್ತು ಸಲ, ಎರಡು ಸರ್ತಿ. ಬೆಳಿಗ್ಗೆ ಎದ್ದರೆ ಎಲ್ಲೂ ನೋವಿಲ್ಲ. ಕೂರಬಹುದು, ಇಳಿಯಬಹುದು, ಬಾಚಬಹುದು. ಮೊನ್ನೆಯೂ ಹೀಗೇ ಇತ್ತು.

ಸಂತೋಷವಾಗಬೇಕಿತ್ತು. ಚಿಂತೆ ಹತ್ತಿದೆ. ನೋವು ನಿಂತಿತೆಂದರೆ ಬೆಳೆಯುವುದೂ ನಿಂತಿತೇ? ಇನ್ನು ಒಂದು ತಿಂಗಳು. ಇಪ್ಪತ್ತರಲ್ಲೇ ನಿಂತರೆ ದಾಮೋದರ ಹೋಗುವ ಹಾಗಿಲ್ಲ. ಮಾಷ್ಟ್ರನ್ನು ಕೇಳೋಣವೆಂದರೆ ಸ್ಪೋರ್ಟ್ಸ್‌ಗೆ ಮಕ್ಕಳನ್ನು ಕರೆದುಕೊಂಡು ಕುಂದಾಪುರಕ್ಕೆ ಹೋಗಿದ್ದಾರೆ.

ನಾಳೆ ಮೂವತ್ತು ತುಂಬಿಸಿ ನೋಡುತ್ತೇನೆ. ನೋಯುವವರೆಗೆ.

3-12, ಭಾನುವಾರ

ನೋವಾಯಿತು.

ಆರನೆಯ ಸಲಕ್ಕೆ. ಬೆನ್ನು ಬಾಗಿತು, ಗೊತ್ತಾಯಿತು, ಆದರೂ ಎತ್ತಿದೆ. ಸೊಂಟದ ಎಡಕ್ಕೆ, ಒಂದೇ ಜಾಗ. ಸೂಜಿಯ ಹಾಗೆ. ನಡೆದರೆ ಸಡಿಲವಾಗುವುದಿಲ್ಲ. ನಿಂತೇ ಬರೆಯುತ್ತಿದ್ದೇನೆ.

ಎಲ್ಲ ನಾನೇ ಮಾಡಿಕೊಂಡದ್ದು.

12-12, ಮಂಗಳವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ.

ಮೊದಲ ಎರಡು ದಿನ ಮಲಗಿದ್ದೆ. ಇವರ ಮಂಚ ಆ ಗೋಡೆಗೆ, ನನ್ನ ಚಾಪೆ ಈ ಗೋಡೆಗೆ. ಇವರು ಚೀಲಗಳನ್ನು ಎತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ. ನನ್ನ ಕಡೆ ನೋಡುತ್ತಲೇ ಎತ್ತುತ್ತಿದ್ದರು.

ಅತ್ತೆ ಎಕ್ಕದ ಎಲೆ ಬಿಸಿಮಾಡಿ ಸೊಂಟಕ್ಕೆ ಕಟ್ಟಿದರು, ಹೊತ್ತು ಹೊತ್ತಿಗೆ. "ಆವತ್ತೇ ಹೇಳಿದ್ದೆ" ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಮೂರನೇ ದಿನ ಎಲೆ ಬದಲಿಸುತ್ತ, "ನಂಗ್ ನಿನ್ ಪ್ರಾಯ ಇದ್ದಿದ್ರೆ ನಾನೇ ಎತ್ತಿದ್ದೆ ಅವ್ನ್" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಎಲೆ ಬಹಳ ಬಿಸಿಯಾಯಿತೇನೋ ಎಂದುಕೊಂಡರು.

ಗುರುವಾರ ಮಾಷ್ಟ್ರು ಮನೆಗೇ ಬಂದರು. ಕಾಲು ಮರಗಟ್ಟುತ್ತದೆಯೇ, ಬೆರಳು ಆಡುತ್ತದೆಯೇ ಎಂದೆಲ್ಲ ವಿಚಾರಿಸಿದರು. ಹಾಗೇನೂ ಇಲ್ಲ ಎಂದ ಮೇಲೆ ಜಗಲಿಯಲ್ಲಿ ಕೂತು ಬೈದರು.

"ನೋವ್ ಹುಡ್ಕಂಡ್ ಹೋದ್ರ್ಯಾ? ನೋವ್ ಬಂದ್ರೆ ಬಲ ಬತ್ತ್ ಅಂದೇಳಿ ನಾ ಯಾವತ್ತ್ ಹೇಳಿದ್ದೆ? ಹೊಸ್ತ್ರಲ್ಲಿ ನೋವಾತ್ತ್, ಮೈ ಹೊಂದ್ಕಂಡ್ ಮೇಲ್ ಆತಿಲ್ಲೆ. ಅದ್ ಒಳ್ಳೇದೇ. ಹೋದ ಸೋಮವಾರ ಎಷ್ಟ್ ಎತ್ತಿರಿ, ಈ ಸೋಮವಾರ ಎಷ್ಟ್, ಅದನ್ನ್ ಬರ್ಕಣಿ. ಲೆಕ್ಕ ಅದ್ರದ್ದೇ."

ಮಂಚದ ಮೇಲಿನಿಂದ ಇವರು, "ಶೆಟ್ರೆ, ಟೀಚರ್ರಿಗೆ ಬೈಯ್ಯುಕ್ ನಂಗೆ ಧೈರ್ಯ ಇರ್ಲಿಲ್ಲೆ. ಉಪಕಾರ ಆಯ್ತ್" ಎಂದರು. ಎಲ್ಲರೂ ನಕ್ಕರು. ನಾನೂ. ನಕ್ಕಾಗ ಸೊಂಟ ಹಿಡಿಯಲಿಲ್ಲ. ನೋವು ಇಳಿದಿದೆ ಎಂದು ಆಗಲೇ ಗೊತ್ತಾದದ್ದು.

ಇವತ್ತು ಹತ್ತು ಕಿಲೊದಿಂದ ಮತ್ತೆ ಶುರು.

18-12, ಸೋಮವಾರ

ಹದಿನಾಲ್ಕನೇ ತಾರೀಕು: ಹದಿನೈದು ಕಿಲೊ. ಹದಿನಾರು: ಇಪ್ಪತ್ತು. ಇವತ್ತು: ಇಪ್ಪತ್ತೈದು. ಬೆನ್ನು ನೇರ. ನೋವಿಲ್ಲ. ನೋವಿಲ್ಲ ಎಂದು ಇನ್ನು ಬರೆಯುವುದಿಲ್ಲ.

ಇವರು ಮರದ ತುಂಡಿನ ಮೇಲೆ ಕೈ ಊರಿ ಎಂಟು ಸಲ ಮೈ ಎತ್ತಿದರು. ತೋಳು ಗಟ್ಟಿಯಾಗಿದೆ. ಅಂಗಿಯ ತೋಳು ಬಿಗಿ ಎಂದು ದೂರುತ್ತಾರೆ, ಖುಷಿಯಿಂದ.

ದಾಮೋದರ ಪಂಚಾಂಗದಿಂದ ಆರ್ಡರ್ ತೆಗೆದು ಓದುತ್ತಿದ್ದ. ನಾನು ಬಂದದ್ದು ಕಂಡು ಮಡಚಿಟ್ಟ.

24-12, ಭಾನುವಾರ

ಇವತ್ತು.

ಮಾಷ್ಟ್ರು ಬೆಳಿಗ್ಗೆ ಎಂಟಕ್ಕೆ ಬಂದರು. ಹಳೇ ಪಂಚೆಯನ್ನು ಪಟ್ಟಿ ಮಾಡಿ ಇವರ ಸೊಂಟಕ್ಕೆ ಕಟ್ಟಿಸಿದರು, ನನಗೆ ಹಿಡಿಯಲು. ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಓರೆಯಾಗಿ ಇಟ್ಟರು. ದಾಮೋದರ ಒಂದು ಪಕ್ಕ, ಮಾಷ್ಟ್ರು ಒಂದು ಪಕ್ಕ. "ಕೈ ತಾಗ್ಸುದ್ ಬ್ಯಾಡ, ಬಿದ್ರೆ ಮಾತ್ರ ಹಿಡಿಯುದ್" ಎಂದು ದಾಮೋದರನಿಗೆ ತಾಕೀತು. ಅತ್ತೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇವರು ಮಂಚದ ಅಂಚಿಗೆ ಬಂದರು, ತಾವೇ ಕೈ ಊರಿ. ನನ್ನ ಮೊಣಕಾಲು ಇವರ ಮೊಣಕಾಲಿಗೆ ಎದುರು. ಇವರ ಕೈ ನನ್ನ ಹೆಗಲ ಹಿಂದೆ. ಬಗ್ಗಿದೆ. ಒಂದು, ಎರಡು…

ಮೊದಲ ಸಲ ಎದ್ದೆವು, ತಿರುಗಲಾಗಲಿಲ್ಲ. ಇವರ ಪಾದ ಜಾರಿತು. ದಾಮೋದರ ಕೈ ಚಾಚಿದ. "ಬ್ಯಾಡ" ಎಂದರು ಇವರು. ಹಾಗೇ ಮಂಚಕ್ಕೆ ಇಳಿಸಿದೆ. ಬೀಳಲಿಲ್ಲ, ಇಳಿಸಿದೆ. ಇವರ ಉಸಿರು ನನ್ನ ಕಿವಿಯಲ್ಲಿ.

"ಅವಸರ ಎಂತಕ್ಕೆ? ಕೂಕಣಿ, ಸುಧಾರ್ಸ್ಕಣಿ" ಎಂದರು ಮಾಷ್ಟ್ರು. ಪಾದದ ಕೆಳಗೆ ಒದ್ದೆ ಗೋಣಿ ಹಾಸಿದರು.

ಎರಡನೆಯ ಸಲ. ಒಂದು, ಎರಡು, ಮೂರು. ಕಾಲಿನಲ್ಲಿ ಎದ್ದೆ. ಇವರು ತೋಳಿನಲ್ಲಿ ಎದ್ದರು. ಒಂದು ಕ್ಷಣ ಇಬ್ಬರೂ ನಿಂತಿದ್ದೆವು, ಎದುರೆದುರು. ಇವರು ನನಗಿಂತ ಇಷ್ಟು ಎತ್ತರ ಎನ್ನುವುದು ಮರೆತೇಹೋಗಿತ್ತು. ಅರ್ಧ ಹೆಜ್ಜೆ ತಿರುಗಿದೆ. ಕುರ್ಚಿ.

ದಾಮೋದರ ಗೋಡೆಗೆ ಒರಗಿದ.

"ಕೂತದ್ದ್ ಓರೆ ಆಯ್ತ್. ಸ್ವಲ್ಪ ಹಿಂದ್ ಸರ್ಸ್" ಎಂದರು ಇವರು, ಬಹಳ ಗಂಭೀರವಾಗಿ.

ಸರಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಮಾಷ್ಟ್ರಿಗೆ ಕಾಫಿ ಇಟ್ಟೆ. ಹಾಲು ಉಕ್ಕಿ ಒಲೆಗೆ ಹೋಯಿತು, ನೋಡುತ್ತ ನಿಂತಿದ್ದೆ.

1-1-68, ಸೋಮವಾರ

ಒಂದು ವಾರ, ದಿನಕ್ಕೆ ನಾಲ್ಕು ಸಲ. ಎಲ್ಲ ನಾನೇ. ದಾಮೋದರ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡುವುದು. ನಿನ್ನೆ ನಿಲ್ಲಲೂ ಇಲ್ಲ, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

ಇವತ್ತು ಹೊರಟ. ಅಣ್ಣನ ಕಾಲು ಮುಟ್ಟಿದ. ನನ್ನ ಕಾಲಿಗೂ ಬಾಗಿದ. "ಅತ್ತಿಗೆ, ಒಂದ್ ದಿನ ಆಗ್ದಿದ್ರೂ ತಂತಿ ಕೊಡಿ. ಬತ್ತೆ."

"ಕೆಲ್ಸ ಬಿಟ್ಟ್ ಬಂದ್ರೆ ಬಾಗ್ಲ್ ತೆಗಿತಿಲ್ಲೆ" ಎಂದರು ಇವರು.

5-1, ಶುಕ್ರವಾರ

ನಾಲ್ಕು ದಿನ. ಹದಿನಾರು ಸಲ. ಬುಧವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಒಮ್ಮೆ ಪಟ್ಟಿ ಸಡಿಲವಾಯಿತು, ಮಂಚಕ್ಕೇ ಕೂರಿಸಿ ಮತ್ತೆ ಕಟ್ಟಿ ಎತ್ತಿದೆ. ಹೆದರಿಕೆಯಾಗಲಿಲ್ಲ. ಆಮೇಲೆ ಯೋಚಿಸಿ ಆಶ್ಚರ್ಯವಾಯಿತು.

ಬೆನ್ನ ಬುಡ ನೋಡಿದೆ. ಚರ್ಮ ಚೆನ್ನಾಗಿದೆ. ಕೆಂಪು ಸಹ ಇಲ್ಲ.

ನಿನ್ನೆ ಶಾಲೆಯಿಂದ ಬಂದು ಅತ್ತೆ ಕೊಟ್ಟ ಅವಲಕ್ಕಿ ತಿಂದು ಜಗಲಿಯಲ್ಲಿ ಸುಮ್ಮನೆ ಕೂತೆ. ಏನೂ ಮಾಡದೆ. ಎಷ್ಟು ಕಾಲವಾಗಿತ್ತು ಹಾಗೆ ಕೂತು.

13-1, ಶನಿವಾರ. ಸಂಜೆ

ದಾಮೋದರನ ಕಾಗದ ಬಂತು. ಧಾರವಾಡದಲ್ಲಿ ಚಳಿಯಂತೆ. ರೂಮು ಸಿಕ್ಕಿದೆ.

ಕಾಗದ ಎರಡು ಸಲ ಓದಿ ಇವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಆಮೇಲೆ, "ಹ್ವಾಯ್, ಇಲ್ಲ್ ಬಾ" ಎಂದರು. "ಕುಂದಾಪ್ರಕ್ಕೆ ಹೋಯ್ಲಕ್ಕಾ ಒಂದ್ ದಿನ? ವಾಚಿನ್ ಸಾಮಾನ್ ನಾನೇ ಕಂಡ್ ತರ್‌ಕ್. ಬೇರೆಯವ್ರ್ ತಂದದ್ದ್ ಸಮ ಆತಿಲ್ಲೆ."

"ಹ್ಯಾಂಗ್ ಹೋಪ್ದ್?"

"ಬಸ್ಸಂಗೆ. ಎಲ್ರೂ ಹೋಪ್ ಹಾಂಗೆ."

ಹೇಳಿ ಮತ್ತೆ ಗಡಿಯಾರಕ್ಕೆ ಬಗ್ಗಿದರು. ನನ್ನ ಉತ್ತರಕ್ಕೆ ಕಾಯದ ಹಾಗೆ. ಕಿವಿ ಮಾತ್ರ ಈ ಕಡೆ ಇತ್ತು.

ನಾಲ್ಕೂವರೆ ಬಸ್ಸು ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಂತಿದ್ದೆ. ಕಂಡಕ್ಟರಿಗೆ ಹೇಳಿ, ಟೇಪು ಹಿಡಿದು ಅಳತೆ ತೆಗೆದುಕೊಂಡೆ. ಜನ ನೋಡಿದರು. ನೋಡಲಿ. ಮೊದಲ ಮೆಟ್ಟಿಲು ನೆಲದಿಂದ ಹದಿನಾರು ಅಂಗುಲ. ಎರಡನೆಯದು ಹನ್ನೊಂದು. ಬಾಗಿಲ ಪಕ್ಕದಲ್ಲಿ ಕಬ್ಬಿಣದ ಸರಳು ಇದೆ, ಇವರ ಕೈಗೆ ಎಟಕುವಷ್ಟು. ಸರಳು ಹಿಡಿದು ಇವರು ಮೇಲೆದ್ದರೆ, ನಾನು ಹಿಂದಿನಿಂದ ಪಟ್ಟಿ ಹಿಡಿದು ಎತ್ತಿದರೆ, ಆಗುತ್ತದೆ.